ಆ ಲಾಕ್ ಏನನ್ನು ಕಾಯುತ್ತಿತ್ತು?

ಬೆಂಗಳೂರಿನ ಚಿಪ್ ವಿನ್ಯಾಸದ ಕಚೇರಿಗಳಲ್ಲಿ ಎಂಜಿನಿಯರ್ ಒಬ್ಬರು ಫೈಲ್ ಸೇವ್ ಮಾಡಿದರೆ ಅದು ಅವರ ಮೇಜಿನ ಮೇಲಿರುವ ಕಂಪ್ಯೂಟರಿನಲ್ಲೇ ಉಳಿಯುವುದು ಕಡಿಮೆ. ಕೇಬಲ್ ಹಿಡಿದು ಹೋಗಿ ಬೇರೆ ಕೋಣೆಯ ಸರ್ವರ್ ಸೇರುತ್ತದೆ. ಅದೇ ಫೈಲನ್ನು ನೂರಾರು ಯಂತ್ರಗಳು ರಾತ್ರಿಯಿಡೀ ಓದುತ್ತವೆ, ಅದರ ಪಕ್ಕದಲ್ಲೇ ತಮ್ಮ ಫಲಿತಾಂಶವನ್ನು ಬರೆಯುತ್ತವೆ. ಬಳಸುವವರಿಗೆ ಇದರ ಸುಳಿವೇ ಇರುವುದಿಲ್ಲ. ಫೋಲ್ಡರ್ ತೆರೆದರೆ ಫೈಲ್ ಅಲ್ಲೇ ಇದ್ದಂತೆ ಕಾಣುತ್ತದೆ. ಈ ಏರ್ಪಾಡಿನ ಹೆಸರು ನೆಟ್‌ವರ್ಕ್ ಫೈಲ್ ಸಿಸ್ಟಮ್, ನಮ್ಮ ಬಾಯಲ್ಲಿ ಎನ್‌ಎಫ್‌ಎಸ್. ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ 1984ರಲ್ಲಿ ಇದನ್ನು ರೂಪಿಸಿತು. ಸನ್ 2010ರಲ್ಲಿ ಒರಾಕಲ್‌ನ ಪಾಲಾಯಿತು. ಎನ್‌ಎಫ್‌ಎಸ್ ಮಾತ್ರ ಇವತ್ತಿಗೂ ದುಡಿಯುತ್ತಲೇ ಇದೆ.

ನನ್ನ ದುಡಿಮೆಯ ಬಹುಭಾಗ ಈ ಎನ್‌ಎಫ್‌ಎಸ್‌ನ ಒಳಗಡೆಯೇ ಕಳೆದಿದೆ. ಅದನ್ನು ಇನ್ನಷ್ಟು ವೇಗ ಮಾಡಿಕೊಡಿ ಎಂಬ ಬೇಡಿಕೆ ಎಂದೂ ನಿಂತದ್ದಿಲ್ಲ. ವೇಗ ಹೆಚ್ಚಿಸಲು ಹಲವು ದಾರಿಗಳಿವೆ. ಅವುಗಳಲ್ಲಿ ಬಲು ಸುಲಭವಾಗಿ ಕಾಣುವ, ನನಗೆ ಎಲ್ಲಕ್ಕಿಂತ ಹೆಚ್ಚು ಭಯ ಹುಟ್ಟಿಸುವ ದಾರಿಯೆಂದರೆ ಕರ್ನೆಲ್‌ನೊಳಗಿನ ಲಾಕ್ ತೆಗೆದುಹಾಕುವುದು.

ಕರ್ನೆಲ್ ಎಂದರೆ ಕಂಪ್ಯೂಟರಿನ ನಡುಮನೆ. ಮೆಮೊರಿ, ಡಿಸ್ಕ್, ನೆಟ್‌ವರ್ಕ್ ಯಾವುದನ್ನು ಮುಟ್ಟಬೇಕಾದರೂ ಪ್ರೋಗ್ರಾಮುಗಳು ಅದರ ಮೂಲಕವೇ ಹೋಗಬೇಕು. ಯಂತ್ರದಲ್ಲಿ ಒಂದೇ ಪ್ರೊಸೆಸರ್ ಇದ್ದ ಕಾಲಕ್ಕೆ ಕರ್ನೆಲ್‌ನೊಳಗೆ ಒಂದು ಹೊತ್ತಿಗೆ ಒಬ್ಬರದೇ ಓಡಾಟ. ಎರಡು, ನಾಲ್ಕು ಪ್ರೊಸೆಸರ್‌ಗಳು ಬಂದಮೇಲೆ ತೊಡಕು ಶುರುವಾಯಿತು: ಇಬ್ಬರು ಒಟ್ಟಿಗೆ ಒಳಬಂದು ಒಂದೇ ಲೆಕ್ಕವನ್ನು ತಿದ್ದತೊಡಗಿದರೆ? 1996ರ ಜೂನ್‌ನಲ್ಲಿ ಬಂದ ಲಿನಕ್ಸ್ 2.0 ಇದಕ್ಕೆ ಕೊಟ್ಟ ಉತ್ತರ ಬಿಗ್ ಕರ್ನೆಲ್ ಲಾಕ್. ಬ್ರಿಟನ್ನಿನ ಅಲನ್ ಕಾಕ್ಸ್ ಅದರ ಹಿಂದಿನ ಮುಖ್ಯ ದುಡಿಮೆಗಾರ. ಇಡೀ ವಠಾರಕ್ಕೆ ಒಂದೇ ಬಚ್ಚಲುಮನೆ ಇದ್ದ ಹಾಗೆ ಅದು. ಒಬ್ಬರು ಒಳಹೋಗಿ ಚಿಲಕ ಹಾಕಿಕೊಂಡರೆ ಉಳಿದವರೆಲ್ಲ ಟವೆಲ್ ಹಿಡಿದು ಹೊರಗೆ ನಿಲ್ಲಬೇಕು, ಅವರಿಗೆ ಬೇಕಾದದ್ದು ಬರೀ ಮುಖ ತೊಳೆಯುವುದಾದರೂ ಸರಿ.

ಆ ಹೊತ್ತಿಗೆ ಅದು ಸರಿಯಾದ ತೀರ್ಮಾನವೇ. ಲಕ್ಷಾಂತರ ಸಾಲುಗಳ ಕೋಡನ್ನು ಒಂದೇ ಏಟಿಗೆ ಬಿಡಿಬಿಡಿಯಾಗಿ ಪರಿಶೀಲಿಸಲು ಯಾರಿಂದಲೂ ಆಗುತ್ತಿರಲಿಲ್ಲ. ಒಂದು ದೊಡ್ಡ ಲಾಕ್ ಇಟ್ಟರೆ ಹಳೆಯ ಕೋಡೆಲ್ಲ ಇದ್ದ ಹಾಗೇ ನಡೆಯುತ್ತದೆ. ಆದರೆ ಆ ಲಾಕಿಗೆ ಎರಡು ವಿಚಿತ್ರ ಗುಣಗಳಿದ್ದವು. ಹಿಡಿದವರೇ ಇನ್ನೊಮ್ಮೆ ಹಿಡಿದರೂ ಅದು ತಕರಾರು ಮಾಡುತ್ತಿರಲಿಲ್ಲ. ಎರಡನೆಯದು ಇನ್ನೂ ಸೂಕ್ಷ್ಮ: ಲಾಕ್ ಹಿಡಿದ ಕೆಲಸ ಡಿಸ್ಕಿಗೋ ನೆಟ್‌ವರ್ಕಿಗೋ ಕಾಯುತ್ತ ನಿದ್ರೆಗೆ ಜಾರಿದರೆ ಕರ್ನೆಲ್ ತಾನಾಗಿ ಲಾಕನ್ನು ಬಿಡಿಸಿ, ಎದ್ದ ಕೂಡಲೇ ಮತ್ತೆ ಹಿಡಿಸುತ್ತಿತ್ತು. ಕೋಡ್ ಓದುವವರ ಕಣ್ಣಿಗೆ ಲಾಕ್ ಮೊದಲಿಂದ ಕೊನೆಯವರೆಗೂ ಹಿಡಿದೇ ಇದ್ದಂತೆ ಕಾಣುತ್ತದೆ. ನಿಜದಲ್ಲಿ ನಡುವೆ ಬಿಟ್ಟುಹೋಗಿರುತ್ತದೆ. ಈ ಎರಡೂ ಗುಣಗಳನ್ನು ನೆಚ್ಚಿಕೊಂಡು ವರ್ಷಗಟ್ಟಲೆ ಜನ ಕೋಡ್ ಬರೆದರು. ಯಾವ ಡೇಟಾವನ್ನು ಕಾಯಲು ಈ ಲಾಕ್ ಹಿಡಿದಿದ್ದೇವೆ ಎಂದು ಬರೆದಿಟ್ಟವರು ಬಲು ಅಪರೂಪ. ಲಾಕ್ ತೆಗೆಯಲು ಹೊರಟವರಿಗೆ ಎದುರಾಗುವ ಮೊದಲ ಕಷ್ಟ ಇದೇ. ಅದು ಏನನ್ನು ಕಾಯುತ್ತಿದೆ ಎಂಬುದು ಕೋಡಿನಲ್ಲಿ ಎಲ್ಲೂ ಬರೆದಿಲ್ಲ.

ಎನ್‌ಎಫ್‌ಎಸ್ ಕ್ಲೈಂಟ್, ಅಂದರೆ ಫೈಲ್ ಬಳಸುವ ಯಂತ್ರದ ಕಡೆಯ ತಂತ್ರಾಂಶ, ಬಹುಕಾಲ ಈ ದೊಡ್ಡ ಲಾಕಿನ ಆಶ್ರಯದಲ್ಲೇ ಬೆಳೆಯಿತು. ಅದರ ಬೆಲೆ ಎಷ್ಟೆಂದು ಚೆನ್ನಾಗಿ ತೋರಿಸಿಕೊಟ್ಟವರು ಮಿಷಿಗನ್ ವಿಶ್ವವಿದ್ಯಾಲಯದ ಜೊತೆಗೂಡಿ ಕೆಲಸ ಮಾಡಿದ ಚಕ್ ಲೀವರ್ ಮತ್ತು ಪೀಟರ್ ಹನಿಮನ್. 2002ರಲ್ಲಿ ಅವರು ಪ್ರಕಟಿಸಿದ ಪ್ರಬಂಧವನ್ನು ನಾನು ಹೊಸಬರಿಗೆಲ್ಲ ಓದಲು ಕೊಡುತ್ತೇನೆ. ಅವರು ಮಾಡಿದ್ದು ಸರಳ ಪ್ರಯೋಗ: ಒಂದು ದೊಡ್ಡ ಫೈಲನ್ನು ಮೊದಲಿಂದ ಕೊನೆಯವರೆಗೆ ಬರೆಯುತ್ತ ಹೋಗುವುದು, ಬರೆಯುವ ಪ್ರತಿ ಕರೆಗೂ ಎಷ್ಟು ಹೊತ್ತು ಹಿಡಿಯಿತೆಂದು ಅಳೆಯುವುದು. ಆಗ ತಲೆಕೆಳಗಾದ ಸಂಗತಿಯೊಂದು ಕಂಡಿತು. ಸರ್ವರ್ ಚುರುಕಾಗಿದ್ದರೆ ಕ್ಲೈಂಟ್ ಬರೆಯುವುದು ನಿಧಾನವಾಗುತ್ತಿತ್ತು. ಸರ್ವರ್ ಬೇಗ ಬೇಗ ಉತ್ತರ ಕೊಟ್ಟಷ್ಟೂ ಕ್ಲೈಂಟಿನಲ್ಲಿ ಹಿನ್ನೆಲೆಯಲ್ಲಿ ದುಡಿಯುವ ಎಳೆ ಬಿಡುವಿಲ್ಲದೆ ಡೇಟಾ ಕಳಿಸುತ್ತ ದೊಡ್ಡ ಲಾಕನ್ನು ಹಿಡಿದಿರುತ್ತಿತ್ತು. ಬರೆಯಬೇಕಾದ ಪ್ರೋಗ್ರಾಮ್ ಅದೇ ಲಾಕಿಗಾಗಿ ಕಾಯುತ್ತಿತ್ತು. ಲಿನಕ್ಸಿನ ನೆಟ್‌ವರ್ಕ್ ಭಾಗಕ್ಕೆ ಅಷ್ಟರಲ್ಲಿ ತನ್ನದೇ ಸಣ್ಣ ಲಾಕುಗಳು ಬಂದಿದ್ದವು. ಹಾಗಾಗಿ ಡೇಟಾವನ್ನು ಸಾಕೆಟ್‌ಗೆ, ಅಂದರೆ ನೆಟ್‌ವರ್ಕಿಗೆ ತೆರೆಯುವ ಬಾಗಿಲಿಗೆ, ಒಪ್ಪಿಸುವ ಹೊತ್ತಿನಲ್ಲಿ ದೊಡ್ಡ ಲಾಕ್ ಹಿಡಿದಿರಬೇಕಾದ ಅಗತ್ಯವಿಲ್ಲವೆಂದು ಅವರು ತೋರಿಸಿ, ಅಲ್ಲಿ ಅದನ್ನು ಬಿಡಿಸಿದರು. ಅದರ ಜೊತೆಗೆ ಇನ್ನೂ ಒಂದೆರಡು ದೋಷ ಸರಿಪಡಿಸಿದ ಮೇಲೆ ಮೆಮೊರಿಯ ಮಟ್ಟದಲ್ಲಿ ಬರೆಯುವ ವೇಗ ಮೂರು ಪಟ್ಟಿಗೂ ಹೆಚ್ಚಾಯಿತು.

ಮೂರು ಪಟ್ಟು ಎಂಬ ಮಾತು ಯಾರ ಕಿವಿಗೂ ಹಿತವೇ. ಲಾಕ್ ತೆಗೆದರೆ ವೇಗ ಬರುತ್ತದೆ ಎಂದು ಜನ ಕೇಳಿಸಿಕೊಂಡರು. ಬಿಡಿಸಿದ ಜಾಗ ಎಷ್ಟು ಕಿರಿದು, ಬಿಡಿಸುವ ಮುನ್ನ ಒಳಗಿನ ಯಾವ ಡೇಟಾಕ್ಕೆ ಬೇರೆ ರಕ್ಷಣೆ ಇದೆಯೆಂದು ಎಷ್ಟು ಎಚ್ಚರದಿಂದ ನೋಡಿದ್ದರು ಎಂಬುದು ಅಷ್ಟಾಗಿ ಯಾರ ಕಿವಿಗೂ ಬೀಳಲಿಲ್ಲ.

ಆ ರಕ್ಷಣೆ ಏಕೆ ಬೇಕು ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಕ್ಲೈಂಟ್ ಕಳಿಸುವ ಪ್ರತಿ ಕೋರಿಕೆಗೂ 32 ಬಿಟ್‌ಗಳ ಒಂದು ಸಂಖ್ಯೆ ಇರುತ್ತದೆ, ಎಕ್ಸ್‌ಐಡಿ ಎನ್ನುತ್ತೇವೆ. ಸರ್ವರ್ ಉತ್ತರದಲ್ಲಿ ಅದೇ ಸಂಖ್ಯೆಯನ್ನು ವಾಪಸ್ ಕಳಿಸುತ್ತದೆ, ಯಾವ ಉತ್ತರ ಯಾರಿಗೆಂದು ಗೊತ್ತಾಗುವುದು ಅದರಿಂದಲೇ. ಪ್ರತಿ ಹೊಸ ಕೋರಿಕೆಗೆ ಹಿಂದಿನ ಸಂಖ್ಯೆಗೆ ಒಂದು ಕೂಡಿಸಬೇಕು. ಬರೆಯುವ ನಮಗೆ ಅದು ಒಂದೇ ಸಾಲು, ಪ್ರೊಸೆಸರಿಗೆ ಮೂರು ಹೆಜ್ಜೆ: ಓದು, ಕೂಡಿಸು, ಬರೆ. ಸಂಖ್ಯೆ ಈಗ 7041 ಎಂದಿಟ್ಟುಕೊಳ್ಳಿ. ಮೊದಲ ಪ್ರೊಸೆಸರ್ 7041 ಓದಿತು. ಅದು 7042 ಎಂದು ಬರೆಯುವ ಮೊದಲೇ ಎರಡನೆಯದೂ ಬಂದು 7041 ಓದಿತು. ಎರಡೂ 7042 ಬರೆದವು. ಈಗ 7042 ಎಂಬ ಹೆಸರಿನಲ್ಲಿ ಎರಡು ಬೇರೆ ಬೇರೆ ಕೋರಿಕೆಗಳು ಹೊರಟಿವೆ. ಒಬ್ಬರ ಉತ್ತರ ಇನ್ನೊಬ್ಬರ ಕೈಸೇರಬಹುದು. ಅಥವಾ ಸರ್ವರ್ ಎರಡನೆಯದನ್ನು ಕಂಡು, ಇದು ಆಗಲೇ ಮಾಡಿ ಮುಗಿಸಿದ ಕೆಲಸ, ಉತ್ತರ ತಲುಪದೆ ಮತ್ತೆ ಕೇಳುತ್ತಿದ್ದಾರೆ ಎಂದು ಬಗೆದು, ಕೆಲಸ ಮಾಡದೆಯೇ ಹಳೆಯ ಉತ್ತರ ಕೊಟ್ಟುಬಿಡಬಹುದು. ಲಿನಕ್ಸಿನಲ್ಲಿ ಈ ಎಣಿಕೆಗೆಂದೇ ಒಂದು ಪುಟ್ಟ ಲಾಕ್ ಇಟ್ಟದ್ದು ಈ ಕಾರಣಕ್ಕೆ.

ಎಡವಟ್ಟಿಗೆ ಸಿಗುವ ಅವಕಾಶ ಕೆಲವು ನ್ಯಾನೊಸೆಕೆಂಡ್ ಮಾತ್ರ, ಆಗುವುದುಂಟೇ ಎಂದು ಕೇಳುವವರಿದ್ದಾರೆ. ದಿನಕ್ಕೆ ಕೋಟಿಗಟ್ಟಲೆ ಕೋರಿಕೆ ಕಳಿಸುವ ಯಂತ್ರಗಳು ನೂರಾರು ಇದ್ದ ಕಡೆ ಕೋಟಿಯಲ್ಲೊಮ್ಮೆ ಆಗುವ ಘಟನೆ ದಿನವೂ ಆಗುತ್ತದೆ.

ಸಾಕೆಟ್‌ಗೆ ಡೇಟಾ ಸುರಿಯುವ ಜಾಗದ್ದೂ ಇಂಥದೇ ಕಥೆ. ಟಿಸಿಪಿ ಸಂಪರ್ಕದಲ್ಲಿ ಬೈಟುಗಳು ಒಂದರ ಹಿಂದೊಂದು ಹರಿಯುತ್ತವೆ, ನಡುವೆ ಗೆರೆ ಎಳೆದಿರುವುದಿಲ್ಲ. ಪ್ರತಿ ಸಂದೇಶದ ಮುಂದೆ 4 ಬೈಟುಗಳ ಗುರುತು ಇಟ್ಟು ಈ ಸಂದೇಶ ಇಷ್ಟುದ್ದ ಎಂದು ಹೇಳಬೇಕು. ಇಬ್ಬರು ಒಟ್ಟಿಗೆ ಸುರಿದು ಒಬ್ಬರ ಬೈಟುಗಳ ನಡುವೆ ಇನ್ನೊಬ್ಬರ ಬೈಟು ಸೇರಿತೆಂದರೆ ಸರ್ವರ್ ಯಾವುದೋ ಡೇಟಾವನ್ನೇ ಉದ್ದದ ಗುರುತೆಂದು ಓದುತ್ತದೆ. ಅಲ್ಲಿಂದ ಮುಂದೆ ಆ ಸಂಪರ್ಕದಲ್ಲಿ ಬರುವುದೆಲ್ಲ ಕಸ. ದೊಡ್ಡ ಲಾಕನ್ನು ಅಲ್ಲಿ ಬಿಡಿಸಬಹುದಾಗಿದ್ದು ಒಂದು ಸಂಪರ್ಕದಲ್ಲಿ ಒಂದು ಹೊತ್ತಿಗೆ ಒಬ್ಬರೇ ಕಳಿಸಬೇಕೆಂಬ ಬೇರೊಂದು ಕಟ್ಟುಪಾಡು ಇದ್ದದ್ದರಿಂದ.

ಈ ಎರಡು ಎಡವಟ್ಟುಗಳಾದರೂ ಎಷ್ಟೋ ಸಲ ಸದ್ದು ಮಾಡುತ್ತವೆ, ಸಂಪರ್ಕ ಕಡಿಯುತ್ತದೆ, ಲಾಗ್‌ನಲ್ಲಿ ಒಂದು ಸಾಲು ಬೀಳುತ್ತದೆ. ನನ್ನ ನಿದ್ದೆ ಕೆಡಿಸುವುದು ಮೂರನೆಯದು.

1995ರಲ್ಲಿ ಬಂದ ಎನ್‌ಎಫ್‌ಎಸ್ ಮೂರನೆಯ ಆವೃತ್ತಿಯಲ್ಲಿ ಬರೆಯುವ ಕೆಲಸವನ್ನು ಎರಡು ಹಂತ ಮಾಡಿದರು. ಕ್ಲೈಂಟ್ ಡೇಟಾ ಕಳಿಸುತ್ತದೆ. ಸರ್ವರ್ ಅದನ್ನು ಮೆಮೊರಿಯಲ್ಲಿಟ್ಟುಕೊಂಡು ಮುಟ್ಟಿತು ಎನ್ನುತ್ತದೆ. ಡಿಸ್ಕಿಗೆ ಇನ್ನೂ ಹೋಗಿಲ್ಲ. ಆದ್ದರಿಂದ ಕ್ಲೈಂಟ್ ತನ್ನ ಪ್ರತಿಯನ್ನು ಎಸೆಯುವಂತಿಲ್ಲ. ಆಮೇಲೊಮ್ಮೆ ಕಮಿಟ್ ಎಂಬ ಕೋರಿಕೆ ಕಳಿಸಿ, ಈವರೆಗೆ ಕೊಟ್ಟದ್ದನ್ನೆಲ್ಲ ಡಿಸ್ಕಿಗೆ ಹಾಕು ಎನ್ನುತ್ತದೆ. ಸರ್ವರ್ ಈ ಎರಡೂ ಬಗೆಯ ಕೋರಿಕೆಗಳ ಉತ್ತರದಲ್ಲಿ 8 ಬೈಟುಗಳ ಒಂದು ಗುರುತು ಕಳಿಸುತ್ತಿರುತ್ತದೆ. ನಡುವೆ ಸರ್ವರ್ ಬಿದ್ದು ಎದ್ದಿದ್ದರೆ ಆ ಗುರುತು ಬದಲಾಗಿರುತ್ತದೆ. ಕ್ಲೈಂಟ್ ಅದನ್ನು ನೋಡಿ, ಉಳಿಸಿಕೊಂಡದ್ದನ್ನೆಲ್ಲ ಮತ್ತೆ ಕಳಿಸುತ್ತದೆ. ಬಹಳ ಸೊಗಸಾದ ಯೋಚನೆ. ಕರೆಂಟ್ ಹೋಗಿ ಬಂದರೂ ಬಳಸುವವರ ಒಂದಕ್ಷರ ಕಳೆದುಹೋಗಬಾರದೆಂದು ಯಾರೋ ಕೂತು ಕಷ್ಟಪಟ್ಟು ಯೋಚಿಸಿದ್ದಾರೆ ಎಂದು ಪ್ರತಿ ಸಲ ಓದಿದಾಗಲೂ ನನಗೆ ಗೌರವ ಮೂಡುತ್ತದೆ.

ಇದೆಲ್ಲ ನಿಂತಿರುವುದು ಕ್ಲೈಂಟಿನ ಪಟ್ಟಿಗಳ ಮೇಲೆ. ಕಳಿಸಬೇಕಾದ ಪುಟಗಳ, ಅಂದರೆ ಮೆಮೊರಿಯ ತುಂಡುಗಳ, ಪಟ್ಟಿ ಒಂದು, ಕಳಿಸಿ ಕಮಿಟ್‌ಗೆ ಕಾಯುತ್ತಿರುವ ಪುಟಗಳ ಪಟ್ಟಿ ಇನ್ನೊಂದು. ಪುಟವೊಂದು ಮೊದಲ ಪಟ್ಟಿಯಿಂದ ಎರಡನೆಯದಕ್ಕೆ ಹೋಗುವ ಆ ಕ್ಷಣದಲ್ಲಿ ಬೇರೊಂದು ಪ್ರೊಸೆಸರ್ ಅದೇ ಪಟ್ಟಿಗೆ ಕೈ ಹಾಕಿದರೆ ಪುಟ ಎರಡೂ ಕಡೆಯಿಂದ ಜಾರಿಹೋಗಬಹುದು. ಜಾರಿಹೋದ ಪುಟವನ್ನು ಯಾರೂ ಕಳಿಸುವುದಿಲ್ಲ, ಯಾರೂ ಕೇಳುವುದೂ ಇಲ್ಲ. ಸರ್ವರ್‌ಗೆ ಅಂಥದ್ದೊಂದು ಇತ್ತೆಂದೇ ತಿಳಿಯದು.

ನಾನು ಹಿಂದೆ ಕೆಲಸ ಮಾಡುತ್ತಿದ್ದ ಒಂದು ಕಡೆ ಇದನ್ನು ಕಣ್ಣಾರೆ ಕಂಡೆ. ಅಲ್ಲಿ 2.4 ಸರಣಿಯ ಕರ್ನೆಲನ್ನು ತಮಗೆ ಬೇಕಾದಂತೆ ತಿದ್ದಿ ಗ್ರಾಹಕರಿಗೆ ಕೊಡುತ್ತಿದ್ದರು. ಬರೆಯುವ ಕೆಲಸ ಮುಗಿದ ಮೇಲೆ ಪಟ್ಟಿ ತಿದ್ದುವ ಜಾಗದಲ್ಲಿದ್ದ ಲಾಕನ್ನು ಒಂದು ಪ್ಯಾಚ್, ಅಂದರೆ ಕೋಡಿನ ತಿದ್ದುಪಡಿ, ತೆಗೆದುಹಾಕಿತ್ತು. ಪ್ಯಾಚ್ ಜೊತೆಗೆ ಚೆಂದದ ಗ್ರಾಫ್ ಬಂತು. ತಂಡದ ಹಿರಿಯರು ಸಭೆಯಲ್ಲಿ ಅದನ್ನು ಬರೆದ ಹುಡುಗನನ್ನು ಕೇಳಿದ್ದು ನನಗೆ ಈಗಲೂ ನೆನಪಿದೆ.

“ಗ್ರಾಫೇನೋ ಚೆನ್ನಾಗಿದೆ. ಈ ಲಾಕು ಏನೇನು ಕಾಯ್ತಿತ್ತು ಅಂತ ಪಟ್ಟಿ ಮಾಡಿದೀಯೇನಪ್ಪಾ?”

“ಟೆಸ್ಟ್ ಎಲ್ಲಾ ಪಾಸಾಗಿದೆ ಸಾರ್.”

“ಟೆಸ್ಟ್ ಕೇಳಲಿಲ್ಲ ನಾನು. ಪಟ್ಟಿ ಕೇಳ್ದೆ.”

ಬಿಡುಗಡೆಯ ದಿನ ಹತ್ತಿರವಿತ್ತು. ಹಿರಿಯರ ಮಾತನ್ನು ಬದಿಗಿಟ್ಟು ಮೇಲಿನವರು ಪ್ಯಾಚ್ ಒಪ್ಪಿಕೊಂಡರು. ತಿಂಗಳುಗಳೇ ಕಳೆದ ಮೇಲೆ ಗ್ರಾಹಕರೊಬ್ಬರ ಲೆಕ್ಕಾಚಾರದ ಫಲಿತಾಂಶ ಹೊಂದುತ್ತಿಲ್ಲವೆಂದು ದೂರು ಬಂತು. ಫೈಲಿನ ಅಳತೆ ಸರಿಯಿತ್ತು, ತಾರೀಖು ಸರಿಯಿತ್ತು, ಲಾಗ್‌ನಲ್ಲಿ ಒಂದೂ ತಪ್ಪಿಲ್ಲ. ಫೈಲಿನ ಬೈಟುಗಳನ್ನು ಅಂಕಿಗಳಾಗಿ ತೋರಿಸುವ ಹೆಕ್ಸ್‌ಡಂಪ್ ತೆಗೆದು ಪರದೆಯ ಮೇಲೆ ಉರುಳಿಸುತ್ತ ಕೂತೆವು. ತುಂಬಿದ ಅಂಕಿಗಳ ಸಾಲುಗಳ ನಡುವೆ ಒಂದೆಡೆ ಬರೀ ಸೊನ್ನೆಗಳ ಒಂದು ಸಾಲು, ಅದರ ಕೆಳಗೆ ಒಂದು ನಕ್ಷತ್ರದ ಚಿಹ್ನೆ. ಹಿಂದಿನ ಸಾಲೇ ಮುಂದುವರಿದಿದೆ ಎಂದು ಆ ಚಿಹ್ನೆಯ ಅರ್ಥ. ಸೊನ್ನೆಗಳು ಶುರುವಾದ ಜಾಗವನ್ನು 4096ರಿಂದ ಭಾಗಿಸಿದರೆ ಶೇಷ ಉಳಿಯಲಿಲ್ಲ. ಸೊನ್ನೆಗಳ ಉದ್ದವೂ ಸರಿಯಾಗಿ 4096 ಬೈಟು. ಆ ಯಂತ್ರಗಳಲ್ಲಿ ಮೆಮೊರಿಯ ಒಂದು ಪುಟದ ಅಳತೆ ಅಷ್ಟೇ. ಒಂದೇ ಒಂದು ಪುಟ ಸರ್ವರ್ ಮುಟ್ಟಿರಲಿಲ್ಲ. ಅದರ ಹಿಂದಿನವೂ ಮುಂದಿನವೂ ಮುಟ್ಟಿದ್ದವು. ಬರೆಯದೆ ಬಿಟ್ಟ ಜಾಗ ಓದಿದರೆ ಸೊನ್ನೆ ಬರುವುದು ಫೈಲ್ ಸಿಸ್ಟಮ್‌ನ ನಿಯಮ. ಸರ್ವರ್ ತನ್ನ ಕೆಲಸವನ್ನು ಚಾಚೂ ತಪ್ಪದೆ ಮಾಡಿತ್ತು. ಬ್ಯಾಕಪ್ ಕೂಡ ಆ ತೂತನ್ನು ನಿಷ್ಠೆಯಿಂದ ನಕಲು ಮಾಡಿಟ್ಟಿತ್ತು.

ಕಾರಣ ಹುಡುಕುವುದು ಇನ್ನೂ ಕಷ್ಟವಾಯಿತು. ಏನಾಗುತ್ತಿದೆ ಎಂದು ನೋಡಲು ಕೋಡಿನೊಳಗೆ ಸಂದೇಶ ಮುದ್ರಿಸುವ ಸಾಲು ಸೇರಿಸಿದರೆ ದೋಷ ಮಾಯ. ಆ ಸಾಲು ತಿನ್ನುವ ಕಾಲವೇ ಎರಡು ಪ್ರೊಸೆಸರ್‌ಗಳು ಮುಖಾಮುಖಿಯಾಗದಂತೆ ತಡೆಯುತ್ತಿತ್ತು. ಸಾಲು ತೆಗೆದರೆ ಮತ್ತೆ ಹಾಜರ್. ನಮ್ಮ ಪ್ರಯೋಗಾಲಯದ ಎರಡು ಪ್ರೊಸೆಸರಿನ ಯಂತ್ರಗಳಲ್ಲಿ ಕಾಣಿಸಿಕೊಳ್ಳದ ದೋಷ ಗ್ರಾಹಕರ ನಾಲ್ಕು ಪ್ರೊಸೆಸರಿನ ಯಂತ್ರದಲ್ಲಿ, ಅದೂ ಮೆಮೊರಿ ತುಂಬಿಬರುವ ಹೊತ್ತಿನಲ್ಲಿ ಮಾತ್ರ ಬರುತ್ತಿತ್ತು. ಕೊನೆಗೆ ಸಿಕ್ಕಿದ್ದು ಹಿರಿಯರು ಕಾಗದದ ಮೇಲೆ ಎರಡು ಅಂಕಣ ಎಳೆದು, ಒಂದೊಂದು ಪ್ರೊಸೆಸರಿನ ಹೆಜ್ಜೆಗಳನ್ನು ಎದುರುಬದುರು ಬರೆದು ತೋರಿಸಿದಾಗ. ಲಾಕನ್ನು ಮರಳಿ ಹಾಕಿದೆವು. ಗ್ರಾಹಕರ ಹಳೆಯ ಫೈಲುಗಳಲ್ಲಿ ಎಷ್ಟು ತೂತುಗಳಿವೆಯೆಂದು ಅವರಿಗೆ ಹೇಳಲು ನಮ್ಮಿಂದಾಗಲಿಲ್ಲ. ಈ ವಿಷಯದಲ್ಲಿ ನನಗಿರುವ ಸಿಟ್ಟೆಲ್ಲ ಇದರ ಬಗ್ಗೆಯೇ. ವೇಗದ ಲಾಭ ಬಿಡುಗಡೆಯ ದಿನವೇ ಗ್ರಾಫಿನಲ್ಲಿ ಕಂಡಿತು, ಹೊಗಳಿಕೆಯೂ ಬಂತು. ನಷ್ಟವಾದದ್ದು ಆ ಸಭೆಯಲ್ಲಿ ಇರದವರಿಗೆ.

ಸರಿ, ಹಾಗಾದರೆ ಒಂದು ದೊಡ್ಡ ಲಾಕಿನ ಬದಲು ಹತ್ತು ಸಣ್ಣವನ್ನು ಇಟ್ಟರಾಯಿತಲ್ಲ ಎನ್ನಬಹುದು. ಅದೇ ಸರಿದಾರಿ, ಆದರೆ ಅಲ್ಲೂ ಮುಳ್ಳುಗಳಿವೆ. ಒಬ್ಬ ಮೊದಲ ಲಾಕ್ ಹಿಡಿದು ಎರಡನೆಯದಕ್ಕೆ ಕಾಯುತ್ತಾನೆ, ಇನ್ನೊಬ್ಬ ಎರಡನೆಯದನ್ನು ಹಿಡಿದು ಮೊದಲನೆಯದಕ್ಕೆ ಕಾಯುತ್ತಾನೆ. ಇಬ್ಬರೂ ಅಲ್ಲೇ ಕಲ್ಲಾಗುತ್ತಾರೆ. ದೊಡ್ಡ ಲಾಕ್ ನಿದ್ರೆಯಲ್ಲಿ ತಾನೇ ಬಿಟ್ಟುಕೊಳ್ಳುತ್ತಿತ್ತಲ್ಲ, ಅದರ ಜಾಗದಲ್ಲಿ ಬರುವ ಸಾಮಾನ್ಯ ಲಾಕ್ ಹಾಗೆ ಬಿಡುವುದಿಲ್ಲ. ಹೀಗಾಗಿ ಬರೀ ಹೆಸರು ಬದಲಿಸಿದರೂ ಹಿಂದೆಂದೂ ಇರದ ಗಂಟುಗಳು ಬೀಳುತ್ತವೆ. ಇನ್ನು ಲಾಕ್ ಹಾಕುವುದು ಬಿಡುವುದು ಮೆಮೊರಿಗೆ ಬರೆದದ್ದರ ಸರದಿಯನ್ನೂ ಕಾಪಾಡುತ್ತದೆ. ಅದಿಲ್ಲದಿದ್ದರೆ ಒಂದು ಪ್ರೊಸೆಸರ್ ಬರೆದ ಎರಡು ಬೆಲೆಗಳು ಇನ್ನೊಂದಕ್ಕೆ ಹಿಂದುಮುಂದಾಗಿ ಕಾಣಬಹುದು. ಇಂಟೆಲ್ ಪ್ರೊಸೆಸರ್‌ಗಳು ಈ ವಿಷಯದಲ್ಲಿ ಕಟ್ಟುನಿಟ್ಟು, ಎಆರ್‌ಎಂ ಅಷ್ಟಿಲ್ಲ. ಇಂಟೆಲ್ ಯಂತ್ರದಲ್ಲಿ ವರ್ಷಗಟ್ಟಲೆ ನಡೆದ ಕೋಡ್ ಎಆರ್‌ಎಂ ಸರ್ವರ್‌ನಲ್ಲಿ ಮುಗ್ಗರಿಸುವುದು ಇದರಿಂದಲೇ.

ಲಿನಕ್ಸ್ ಸಮುದಾಯ ದೊಡ್ಡ ಲಾಕನ್ನು ತೆಗೆದ ಬಗೆ ನೋಡಿದರೆ ತಾಳ್ಮೆ ಎಂದರೇನೆಂದು ತಿಳಿಯುತ್ತದೆ. ಮೊದಲು ಅದನ್ನು ಹೊರಗಿನ ಪದರಗಳಿಂದ ಒಳಕ್ಕೆ ತಳ್ಳಿದರು. ಎಲ್ಲರಿಗೂ ಸೇರಿ ಒಂದೆಡೆ ಹಿಡಿಯುತ್ತಿದ್ದದ್ದನ್ನು ಬಿಟ್ಟು, ಒಂದೊಂದು ಫೈಲ್ ಸಿಸ್ಟಮ್, ಒಂದೊಂದು ಡ್ರೈವರ್ ತನಗೆ ಬೇಕಾದರೆ ತಾನೇ ಹಿಡಿಯಲಿ ಎಂದರು. ಆಗ ಪ್ರತಿ ಜಾಗದಲ್ಲೂ ಇದು ಇಲ್ಲಿ ಏಕೆ ಎಂಬ ಪ್ರಶ್ನೆ ಕೇಳಬಹುದಾಯಿತು. 2006ರಲ್ಲಿ ಇಂಗೊ ಮೋಲ್ನಾರ್ ಲಾಕ್‌ಡೆಪ್ ಎಂಬ ಸಾಧನ ಸೇರಿಸಿದರು. ಯಾವ ಲಾಕಿನ ನಂತರ ಯಾವುದನ್ನು ಹಿಡಿದರು ಎಂದು ಅದು ನೆನಪಿಟ್ಟುಕೊಂಡು, ಯಂತ್ರ ನಿಜವಾಗಿ ಸಿಕ್ಕಿಬೀಳುವ ಮೊದಲೇ ಎಚ್ಚರಿಸುತ್ತದೆ. 2008ರಲ್ಲಿ ಅವರೇ ದೊಡ್ಡ ಲಾಕನ್ನು ಪೂರ್ತಿ ಕಿತ್ತುಹಾಕುವ ಪ್ರಯತ್ನಕ್ಕೆ ಚಾಲನೆ ಕೊಟ್ಟರು. ಕೊನೆಯ ಅವಶೇಷಗಳನ್ನು ಆರ್ಂಡ್ ಬರ್ಗ್‌ಮನ್ ಒಂದೊಂದಾಗಿ ಬಿಡಿಸಿದರು. 2011ರ ಮೇ ತಿಂಗಳಲ್ಲಿ ಬಂದ 2.6.39ರಲ್ಲಿ ಅದು ಇಲ್ಲವಾಯಿತು. ಹಾಕಿದ್ದು 1996ರಲ್ಲಿ, ತೆಗೆಯಲು ಹದಿನೈದು ವರ್ಷ ಹಿಡಿಯಿತು. ಲಾಕಿಲ್ಲದೆ ಒಂದೇ ಡೇಟಾವನ್ನು ಇಬ್ಬರು ಮುಟ್ಟುವುದನ್ನು ಹಿಡಿದುಕೊಡುವ ಕೆಸಿಸ್ಯಾನ್ ಎಂಬ ಸಾಧನ ಕರ್ನೆಲ್‌ಗೆ ಸೇರಿದ್ದು 2020ರಲ್ಲಿ. ನಾವು ಕಾಗದದ ಮೇಲೆ ಎರಡು ಅಂಕಣ ಬರೆದು ಹುಡುಕಿದಂಥದ್ದನ್ನು ಅದು ಈಗ ಯಂತ್ರ ಓಡುತ್ತಿರುವಾಗಲೇ ಬೆರಳಿಟ್ಟು ತೋರಿಸಬಲ್ಲದು.

ಇಂದು ನನ್ನ ಮುಂದೆ ಲಾಕ್ ತೆಗೆಯುವ ಪ್ಯಾಚ್ ಬಂದರೆ ನಾನೂ ಮೊದಲು ಪಟ್ಟಿಯನ್ನೇ ಕೇಳುತ್ತೇನೆ: ಈ ಲಾಕಿನ ಒಳಗೆ ಮುಟ್ಟುತ್ತಿದ್ದ ಡೇಟಾ ಯಾವುವು, ಇನ್ನು ಮೇಲೆ ಒಂದೊಂದನ್ನೂ ಯಾವುದು ಕಾಯುತ್ತದೆ. ಆಮೇಲೆ ಪರೀಕ್ಷೆ. ಫೈಲಿನ ಪ್ರತಿ 8 ಬೈಟಿನಲ್ಲೂ ಆ ಜಾಗದ ಸಂಖ್ಯೆಯನ್ನೇ ಬರೆಯುತ್ತೇವೆ, ಯಾವ ಪುಟ ತಪ್ಪಿದರೂ ತಾನೇ ಹೇಳಿಕೊಳ್ಳುವಂತೆ. ಹಲವು ಕ್ಲೈಂಟುಗಳು ಬರೆಯುತ್ತಿರುವಾಗ ಮೆಮೊರಿಯನ್ನು ಬೇಕೆಂದೇ ಕಡಿಮೆ ಮಾಡುತ್ತೇವೆ, ನಡುವೆ ಕೇಬಲ್ ಕೀಳುತ್ತೇವೆ, ಸರ್ವರ್ ಆರಿಸಿ ಹಚ್ಚುತ್ತೇವೆ. ಕೊನೆಗೆ ಒಂದೊಂದು ಬೈಟನ್ನೂ ಹೋಲಿಸುತ್ತೇವೆ. ವೇಗದ ಅಳತೆ ಅದಾದ ಮೇಲೆ.

ಕರ್ನೆಲ್ ಕಡೆ ಎಂದೂ ಇಣುಕದವರಿಗೂ ಇಂಥದೇ ಒಂದು ವ್ಯವಹಾರ ಕೈಗೆಟಕುವಷ್ಟು ಹತ್ತಿರದಲ್ಲಿದೆ. ಕಾಲೇಜಿನಲ್ಲೋ ಸಣ್ಣ ಕಚೇರಿಯಲ್ಲೋ ಲಿನಕ್ಸ್ ಎನ್‌ಎಫ್‌ಎಸ್ ಸರ್ವರ್ ನಡೆಸುವವರು ಅದರ ಎಕ್ಸ್‌ಪೋರ್ಟ್ಸ್ ಫೈಲನ್ನು ಒಮ್ಮೆ ತೆರೆದು ನೋಡಬೇಕು. ಅಲ್ಲಿ ‘ಅಸಿಂಕ್’ ಎಂಬ ಪದವಿದ್ದರೆ, ಡಿಸ್ಕಿಗೆ ಬರೆಯುವ ಮೊದಲೇ ಬರೆದಾಯಿತು ಎನ್ನಲು ಸರ್ವರ್‌ಗೆ ಅನುಮತಿ ಕೊಟ್ಟ ಹಾಗೆ. ವೇಗ ಥಟ್ಟನೆ ಏರುತ್ತದೆ. ಕರೆಂಟ್ ಹೋಗಿ ಸರ್ವರ್ ಬಿದ್ದರೆ ಕ್ಲೈಂಟ್ ತನ್ನ ಪ್ರತಿಯನ್ನು ಆಗಲೇ ಎಸೆದಿರುತ್ತದೆ, ಕಮಿಟ್‌ಗೆಂದು ಕಟ್ಟಿದ ಏರ್ಪಾಡೆಲ್ಲ ವ್ಯರ್ಥ. ಹಿಂದೆ ಆ ಸೌಲಭ್ಯ ಕೇಳದೆಯೇ ಸಿಗುತ್ತಿತ್ತು. ಎನ್‌ಎಫ್‌ಎಸ್ ಉಪಕರಣಗಳ 1.0.0 ಆವೃತ್ತಿಯ ನಂತರ ಅದನ್ನು ಬದಲಿಸಿ, ಏನೂ ಹೇಳದಿದ್ದರೆ ಡಿಸ್ಕಿಗೆ ಬರೆದೇ ಉತ್ತರ ಕೊಡುವಂತೆ ಮಾಡಿದರು. ಈಗ ಆ ಪದ ನಿಮ್ಮ ಫೈಲಿನಲ್ಲಿದ್ದರೆ ಯಾರೋ ಕೈಯಾರೆ ಬರೆದದ್ದು ಅದು. ಬರೆದವರು ಯಾರೆಂದು ಕೇಳಿ. ಆ ಫೋಲ್ಡರಿನಲ್ಲಿ ಕೆಲಸ ಉಳಿಸುವವರಿಗೆ ಅವರು ಈ ವಿಷಯ ತಿಳಿಸಿದ್ದಾರೋ ಇಲ್ಲವೋ ಎಂಬುದನ್ನೂ ಕೇಳಿ.